ಕಡಲಿಲ್ಲದ ಊರಿನ ಹೆಸರಿನ ಯುದ್ಧನೌಕೆ

ಮಕ್ಕಳೇ, ಗಂಡಭೇರುಂಡ ನಿಮಗೆ ಗೊತ್ತೇ ಇರಬೇಕು. ಒಂದು ಮೈ, ಎರಡು ತಲೆಯ ಹಕ್ಕಿ. ರಜೆಗೆ ಊರಿಗೆ ಹೋದಾಗ ಮೈಸೂರು ಅರಮನೆಯಲ್ಲಿ ನೋಡಿರುತ್ತೀರಿ. ಕರ್ನಾಟಕ ಸರ್ಕಾರದ ಲಾಂಛನದಲ್ಲೂ ಅದೇ ಹಕ್ಕಿ ಕುಳಿತಿದೆ. ಆದರೆ ಇದೇ ಹಕ್ಕಿ ಅರಬ್ಬಿ ಸಮುದ್ರದ ಮೇಲೂ ಓಡಾಡುತ್ತದೆ ಎಂಬುದು ನಿಮ್ಮ ಅಪ್ಪ ಅಮ್ಮಂದಿರಲ್ಲಿ ಎಷ್ಟು ಜನಕ್ಕೆ ಗೊತ್ತಿದೆಯೋ, ಕೇಳಿ ನೋಡಿ. ಭಾರತೀಯ ನೌಕಾಪಡೆಯಲ್ಲಿ ಐಎನ್‌ಎಸ್ ಮೈಸೂರು ಎಂಬ ಯುದ್ಧನೌಕೆ ಇದೆ. ಅದರ ಲಾಂಛನ ಗಂಡಭೇರುಂಡ.

ಮೈಸೂರಿಗೆ ಕಡಲೆಲ್ಲಿದೆ ಎಂದು ಯಾರಾದರೂ ಕೇಳಬಹುದು. ಇಲ್ಲವೇ ಇಲ್ಲ. ಚಾಮುಂಡಿ ಬೆಟ್ಟದ ತುದಿಗೆ ಹತ್ತಿ ನಿಂತರೂ ಸಮುದ್ರ ಕಾಣುವುದಿಲ್ಲ. ಹಾಗೆ ನೋಡಿದರೆ ಬಾದಾಮಿಗೂ ಕಡಲಿಲ್ಲ. ಆದರೂ ಅಲ್ಲಿಂದ ಆಳಿದ ಇಮ್ಮಡಿ ಪುಲಕೇಶಿ ನೂರಾರು ಹಡಗು ತೆಗೆದುಕೊಂಡು ಹೋಗಿ ಪಶ್ಚಿಮ ಕರಾವಳಿಯ ಪುರಿ ಎಂಬ ಪಟ್ಟಣವನ್ನು ಮುತ್ತಿದ ಎಂದು ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ಕವಿ ರವಿಕೀರ್ತಿ ಬರೆದಿದ್ದಾನೆ. ನಮ್ಮ ಶಾಲೆಯ ಪುಸ್ತಕಗಳು ಪುಲಕೇಶಿ ಹರ್ಷನನ್ನು ನರ್ಮದೆಯ ದಡದಲ್ಲಿ ತಡೆದ ಕತೆಯನ್ನೇ ಹೇಳಿ ಹೇಳಿ ಹಡಗಿನ ಕತೆಯನ್ನು ಮರೆತುಬಿಟ್ಟಿವೆ. ಕನ್ನಡಿಗರು ಕಾಡು, ಬೆಟ್ಟ, ನದಿಗಳ ಬಗ್ಗೆ ಹಾಡಿದಷ್ಟು ಕಡಲಿನ ಬಗ್ಗೆ ಮಾತಾಡುವುದಿಲ್ಲ. ಮುನ್ನೂರು ಕಿಲೋಮೀಟರಿಗೂ ಉದ್ದದ ಕರಾವಳಿ ಇಟ್ಟುಕೊಂಡು ಹೀಗೆ ಮಾಡುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ನೌಕಾಪಡೆಯ ಹಳೆಯ ಚರಿತ್ರೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1612ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೂರತ್ ಹತ್ತಿರ ತನ್ನ ವ್ಯಾಪಾರಕ್ಕೆ ಕಾವಲಾಗಿ ಕೆಲವು ಹಡಗು ಇಟ್ಟುಕೊಂಡಿತು. ಅದೇ ಬೆಳೆದು, ಹಲವು ಸಲ ಹೆಸರು ಬದಲಿಸಿ, 1934ರಲ್ಲಿ ರಾಯಲ್ ಇಂಡಿಯನ್ ನೇವಿ ಆಯಿತು. ಹಡಗು ನಡೆಸುತ್ತಿದ್ದವರು ನಮ್ಮವರು, ಅಪ್ಪಣೆ ಬ್ರಿಟಿಷರದು. 1946ರ ಫೆಬ್ರವರಿಯಲ್ಲಿ ಮುಂಬೈಯ 'ತಲ್ವಾರ್' ಎಂಬ ತರಬೇತಿ ಕೇಂದ್ರದ ನಾವಿಕರು ಕೆಟ್ಟ ಊಟ ಮತ್ತು ಬೈಗುಳ ಸಹಿಸಲಾರದೆ ಮುಷ್ಕರ ಹೂಡಿದರು. ಕೆಲವೇ ದಿನಗಳಲ್ಲಿ ಅದು ಕರಾಚಿಯವರೆಗೂ ಹಬ್ಬಿತು. ಸೇನೆಯೇ ತಮ್ಮ ಮಾತು ಕೇಳದಿದ್ದರೆ ಈ ದೇಶವನ್ನು ಆಳುವುದು ಹೇಗೆ ಎಂದು ಬ್ರಿಟಿಷರಿಗೆ ಅನ್ನಿಸಿದ ಸಂದರ್ಭಗಳಲ್ಲಿ ಇದೂ ಒಂದು. 1950ರ ಜನವರಿ 26ರಂದು 'ರಾಯಲ್' ಬಿಟ್ಟುಹೋಗಿ ಭಾರತೀಯ ನೌಕಾಪಡೆ ಎಂಬ ಹೆಸರು ಉಳಿಯಿತು.

ಈಗ ನಮ್ಮ ಹಡಗಿಗೆ ಬರೋಣ. ಮೈಸೂರು ಎಂಬ ಹೆಸರಿನ ಹಡಗುಗಳು ಎರಡು. ಮೊದಲನೆಯದು ಹುಟ್ಟುವಾಗ ಮೈಸೂರು ಆಗಿರಲಿಲ್ಲ. 1939ರಲ್ಲಿ ಇಂಗ್ಲೆಂಡಿನಲ್ಲಿ ನೀರಿಗಿಳಿದ ಆ ಕ್ರೂಸರ್‌ನ ಹೆಸರು ಎಚ್‌ಎಂಎಸ್ ನೈಜೀರಿಯಾ. ಎರಡನೇ ಮಹಾಯುದ್ಧದಲ್ಲಿ ಅದು ಕಂಡ ಸಾಹಸಗಳು ಕಡಿಮೆಯವಲ್ಲ. 1941ರಲ್ಲಿ ಉತ್ತರದ ಹಿಮಗಡಲಿನಲ್ಲಿ ಹವಾಮಾನ ವರದಿ ಕಳಿಸುತ್ತಿದ್ದ ಲಾವೆನ್‌ಬುರ್ಗ್ ಎಂಬ ಜರ್ಮನ್ ಹಡಗನ್ನು ಹಿಡಿದ ಗುಂಪಿನಲ್ಲಿ ನೈಜೀರಿಯಾ ಇತ್ತು. ಆ ಪುಟ್ಟ ಹಡಗಿನಲ್ಲಿ ಸಿಕ್ಕ ಗುಪ್ತಲಿಪಿಯ ಕಾಗದಗಳು ಜರ್ಮನಿಯ ಎನಿಗ್ಮಾ ಎಂಬ ಗುಪ್ತಲಿಪಿಯ ಸಂದೇಶಗಳನ್ನು ಒಡೆದು ಓದಲು ನೆರವಾದವು. ಮರುವರ್ಷ ಮೆಡಿಟರೇನಿಯನ್ ಸಮುದ್ರದಲ್ಲಿ ಇಟಲಿಯ ಜಲಾಂತರ್ಗಾಮಿಯೊಂದು ಟಾರ್ಪಿಡೊ ಹೊಡೆಯಿತು. ಐವತ್ತಕ್ಕೂ ಹೆಚ್ಚು ನಾವಿಕರು ತೀರಿಕೊಂಡರು, ಹಡಗು ಮಾತ್ರ ಮುಳುಗಲಿಲ್ಲ.

ಈ ಹಡಗನ್ನು ಭಾರತ ಕೊಂಡು, ರಿಪೇರಿ ಮಾಡಿಸಿ, 1957ರ ಆಗಸ್ಟ್‌ನಲ್ಲಿ ಐಎನ್‌ಎಸ್ ಮೈಸೂರು ಎಂದು ಹೆಸರಿಟ್ಟಿತು. ಆಗ ನಮ್ಮ ಇಡೀ ರಾಜ್ಯದ ಹೆಸರೇ ಮೈಸೂರು. 1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು, ಹಡಗು ಮೈಸೂರಾಗಿಯೇ ಉಳಿಯಿತು. ಇನ್ನೊಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಈ ಹಡಗು ಬಂದಾಗ, ಸ್ವಾತಂತ್ರ್ಯ ಸಿಕ್ಕಿ ಹತ್ತು ವರ್ಷವಾಗಿದ್ದರೂ ನಮ್ಮ ನೌಕಾಪಡೆಯ ಮುಖ್ಯಸ್ಥರು ಇನ್ನೂ ಬ್ರಿಟಿಷರೇ. ಆ ಸ್ಥಾನಕ್ಕೆ ಮೊದಲ ಭಾರತೀಯ ರಾಮದಾಸ್ ಕಟಾರಿ ಬಂದದ್ದು 1958ರ ಏಪ್ರಿಲ್‌ನಲ್ಲಿ. ದೊಡ್ಡ ಹಡಗುಗಳ ಪಡೆಯನ್ನು ನಡೆಸುವ ಅನುಭವ ಒಂದೇ ದಿನದಲ್ಲಿ ಬರುವುದಿಲ್ಲವಲ್ಲ.

ಮೈಸೂರು ಹಡಗಿನ ಮೊದಲ ದೊಡ್ಡ ಕೆಲಸ ನಡೆದದ್ದು ನಮ್ಮ ಕಾರವಾರದ ಎದುರಿಗೇ. ಕಾರವಾರದ ಹತ್ತಿರ ಬಿಣಗಾದ ಕಡಲಲ್ಲಿ ಅಂಜದೀವ್ ಎಂಬ ಪುಟ್ಟ ದ್ವೀಪವಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ತಂಗಿದ್ದ, 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರು. ಭಾರತ ಸ್ವತಂತ್ರವಾದ ಮೇಲೂ ಗೋವಾದ ಜೊತೆಗೆ ಈ ದ್ವೀಪ ಅವರ ಕೈಯಲ್ಲೇ ಉಳಿಯಿತು. 1961ರ ನವೆಂಬರ್‌ನಲ್ಲಿ ಪಕ್ಕದಲ್ಲಿ ಹಾದುಹೋಗುತ್ತಿದ್ದ 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ದ್ವೀಪದಿಂದ ಗುಂಡು ಹಾರಿತು. ಆಮೇಲೆ ಮೀನುಗಾರರ ದೋಣಿಯ ಮೇಲೂ ಹಾರಿ, ಒಬ್ಬ ಮೀನುಗಾರ ಸತ್ತ. ಬಲೆ ಬೀಸಲು ಹೋದವನು ಹೆಣವಾಗಿ ಬಂದರೆ ಕರಾವಳಿಯ ಜನಕ್ಕೆ ಹೇಗಾಗಿರಬೇಡ!

ಡಿಸೆಂಬರ್ 18ರ ಬೆಳಿಗ್ಗೆ ಐಎನ್‌ಎಸ್ ಮೈಸೂರು ಮತ್ತು ಐಎನ್‌ಎಸ್ ತ್ರಿಶೂಲ್ ದ್ವೀಪದ ಎದುರು ಬಂದು ನಿಂತವು. ಅದೇ ದಿನ ಗೋವಾಕ್ಕೂ ಭಾರತದ ಸೇನೆ ನುಗ್ಗಿತ್ತು. ತ್ರಿಶೂಲ್‌ನಿಂದ ನಾವಿಕರು ದೋಣಿಗಳಲ್ಲಿ ಇಳಿದು ದಡದ ಕಡೆ ಹೊರಟರು. ದ್ವೀಪದಲ್ಲಿ ಬಿಳಿ ಬಾವುಟ ಕಾಣಿಸಿಕೊಂಡಿತು, ಶರಣಾದರು ಎಂದೇ ನಮ್ಮವರು ತಿಳಿದರು. ಹತ್ತಿರ ಹೋದಾಗ ಗುಂಡಿನ ಮಳೆ ಸುರಿಯಿತು ಎನ್ನುತ್ತದೆ ನೌಕಾಪಡೆಯ ಚರಿತ್ರೆ. ಏಳು ನಾವಿಕರು ಅಲ್ಲಿ ಪ್ರಾಣ ಬಿಟ್ಟರು. ಹಡಗಿನ ತೋಪುಗಳು ಉತ್ತರ ಕೊಟ್ಟವು. ಮರುದಿನದ ಹೊತ್ತಿಗೆ ದ್ವೀಪ ನಮ್ಮದಾಯಿತು. ಗೋವಾ ವಿಮೋಚನೆಯ ಬಗ್ಗೆ ಬರೆಯುವವರು ಈ ಏಳು ಜನರನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಕಾರವಾರದ ದಡದಿಂದ ಕಣ್ಣಳತೆಯ ದೂರದಲ್ಲಿ ನಡೆದದ್ದು ಇದು, ಕನ್ನಡದ ಮಕ್ಕಳಾದರೂ ನೆನಪಿಡಬೇಕು.

ಹತ್ತು ವರ್ಷದ ಬಳಿಕ, ಪಾಕಿಸ್ತಾನದ ಜೊತೆಗಿನ 1971ರ ಯುದ್ಧದಲ್ಲಿ, ಮೈಸೂರು ಪಶ್ಚಿಮ ನೌಕಾ ದಳದ ಧ್ವಜನೌಕೆಯಾಗಿತ್ತು. ದಳದ ದಂಡನಾಯಕ ಯಾವ ಹಡಗಿನಲ್ಲಿ ಇರುತ್ತಾನೋ ಅದು ಧ್ವಜನೌಕೆ, ಉಳಿದ ಹಡಗುಗಳಿಗೆ ಅಲ್ಲಿಂದಲೇ ಅಪ್ಪಣೆ. ಆ ಯುದ್ಧದಲ್ಲಿ ಹೆಸರು ಮಾಡಿದ್ದು ಮಾತ್ರ ಮೈಸೂರಿನಂಥ ದೊಡ್ಡ ಹಡಗಲ್ಲ, ಪುಟಾಣಿ ಕ್ಷಿಪಣಿ ದೋಣಿಗಳು. ಸೋವಿಯತ್ ಒಕ್ಕೂಟದಿಂದ ತಂದ ಈ ದೋಣಿಗಳು ಬಂದರು ಕಾಯಲೆಂದು ಮಾಡಿದವು, ದೂರ ಹೋಗುವಷ್ಟು ಇಂಧನ ಹಿಡಿಯುತ್ತಿರಲಿಲ್ಲ. ನಮ್ಮವರು ಅವನ್ನು ದೊಡ್ಡ ಹಡಗುಗಳಿಗೆ ಕಟ್ಟಿ ಸೌರಾಷ್ಟ್ರದ ಕಡೆಗೆ ಎಳೆದುಕೊಂಡು ಹೋದರು! ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು ಕರಾಚಿಯ ಹತ್ತಿರಕ್ಕೆ ಹೋಗಿ ಕ್ಷಿಪಣಿ ಹಾರಿಸಿದವು. ಪಾಕಿಸ್ತಾನದ ಖೈಬರ್ ಎಂಬ ಡೆಸ್ಟ್ರಾಯರ್ ಮುಳುಗಿತು. ಆ ರಾತ್ರಿಯ ನೆನಪಿಗೆ ಡಿಸೆಂಬರ್ 4 ನೌಕಾಪಡೆ ದಿನ. ಆದರೆ ಯುದ್ಧದಲ್ಲಿ ಗೆಲುವಷ್ಟೇ ಇರುವುದಿಲ್ಲ. ಐದು ದಿನದ ಮೇಲೆ ನಮ್ಮ ಖುಕ್ರಿ ಎಂಬ ಹಡಗನ್ನು ಪಾಕಿಸ್ತಾನದ ಜಲಾಂತರ್ಗಾಮಿ ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಇತರರನ್ನು ಪಾರುಮಾಡುತ್ತಾ ತಾವು ಹಡಗಿನಲ್ಲೇ ಉಳಿದರು.

ಮುಂಬೈ ಬಂದರು ಇಕ್ಕಟ್ಟಾಯಿತು, ಪಶ್ಚಿಮದಲ್ಲಿ ಇನ್ನೊಂದು ನೆಲೆ ಬೇಕು ಎಂಬ ಯೋಚನೆ ಬೆಳೆದು ಕಾರವಾರಕ್ಕೆ ಬಂತು. ಬೆಟ್ಟದ ಮರೆ, ಆಳದ ನೀರು, ಎದುರಿಗೆ ದ್ವೀಪಗಳ ಕಾವಲು. ಇಂಥ ಜಾಗ ಸುಲಭಕ್ಕೆ ಸಿಗುವುದಿಲ್ಲ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲಿಟ್ಟ 'ಸೀಬರ್ಡ್' ಯೋಜನೆ 2005ರಲ್ಲಿ ಐಎನ್‌ಎಸ್ ಕದಂಬ ಎಂಬ ನೆಲೆಯಾಗಿ ತೆರೆಯಿತು. ಬನವಾಸಿಯ ಕದಂಬರ ಹೆಸರು! ಭಾರತದ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಇಲ್ಲೇ ಲಂಗರು ಹಾಕುತ್ತದೆ. ಏಳು ನಾವಿಕರು ಬಿದ್ದ ಅಂಜದೀವ್ ಈಗ ಈ ನೆಲೆಯದೇ ಭಾಗ, ಅಲೆತಡೆ ಗೋಡೆಯೊಂದು ಅದನ್ನು ನೆಲಕ್ಕೆ ಸೇರಿಸಿದೆ. ಈ ನೆಲೆಗಾಗಿ ಕರಾವಳಿಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಡ ಬಿಟ್ಟು ಹೋದವು. ಪರಿಹಾರಕ್ಕಾಗಿ ಅವರು ದಶಕಗಳ ಕಾಲ ಅಲೆದರು. ದೇಶಕ್ಕೆ ಕಾವಲು ಬೇಕು, ನಿಜ. ಅದಕ್ಕೆ ಬೆಲೆ ಕೊಟ್ಟವರಲ್ಲಿ ಸಮವಸ್ತ್ರ ತೊಡದವರೂ ಇದ್ದಾರೆ ಎಂಬುದೂ ಅಷ್ಟೇ ನಿಜ.

ಮೊದಲ ಮೈಸೂರು 1985ರಲ್ಲಿ ನಿವೃತ್ತವಾಯಿತು. ಹಡಗು ಹೋದರೂ ಹೆಸರು ಹೋಗಬಾರದು ಎಂಬುದು ನೌಕಾಪಡೆಯ ಪದ್ಧತಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದಿಲ್ಲವೇ, ಹಾಗೆ. ಎರಡನೇ ಮೈಸೂರು 1999ರ ಜೂನ್‌ನಲ್ಲಿ ಪಡೆ ಸೇರಿತು. ಅಜ್ಜನ ಹಡಗಿನ ಅಂಕಿ 60 ಇದಕ್ಕೂ ಬಂತು, ಗಂಡಭೇರುಂಡವೂ ಬಂತು. ಇಷ್ಟು ಮಾತ್ರ ವ್ಯತ್ಯಾಸ: ಇದನ್ನು ಯಾರಿಂದಲೂ ಕೊಳ್ಳಲಿಲ್ಲ. ವಿನ್ಯಾಸ ನಮ್ಮವರದು, ಕಟ್ಟಿದ್ದು ಮುಂಬೈಯ ಮಝಗಾಂವ್ ಡಾಕ್‌ನಲ್ಲಿ. 163 ಮೀಟರ್ ಉದ್ದದ ಡೆಸ್ಟ್ರಾಯರ್ ಅದು.

ಈ ಹಡಗು ಮಾಡಿರುವ ಕೆಲಸ ನೋಡಿದರೆ ನೌಕಾಪಡೆ ಇರುವುದು ಯುದ್ಧಕ್ಕೆ ಮಾತ್ರವಲ್ಲ ಎಂದು ತಿಳಿಯುತ್ತದೆ. 2008ರ ಡಿಸೆಂಬರ್‌ನಲ್ಲಿ ಏಡನ್ ಕೊಲ್ಲಿಯಲ್ಲಿ ಇಥಿಯೋಪಿಯದ ಒಂದು ವ್ಯಾಪಾರಿ ಹಡಗು ಕಡಲ್ಗಳ್ಳರು ಬಂದರೆಂದು ಕೂಗಿಕೊಂಡಿತು. ಮೈಸೂರು ಓಡಿಬಂದು ಎರಡು ದೋಣಿಗಳಲ್ಲಿದ್ದ 23 ಜನರನ್ನು ಬಂದೂಕುಗಳ ಸಮೇತ ಹಿಡಿಯಿತು. 2011ರಲ್ಲಿ ಲಿಬಿಯಾದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಅಲ್ಲಿ ಸಿಕ್ಕಿಬಿದ್ದ ಭಾರತೀಯರನ್ನು ಕರೆತರಲು ಕಳಿಸಿದ ಹಡಗುಗಳು ಜಲಾಶ್ವ, ಆದಿತ್ಯ ಮತ್ತು ನಮ್ಮ ಮೈಸೂರು. ವಿಮಾನ, ಹಡಗು ಎರಡೂ ಸೇರಿ ಆಗ 15,000ಕ್ಕೂ ಹೆಚ್ಚು ಜನ ಮನೆಗೆ ಮರಳಿದರು. ನಮ್ಮ ನಿಮ್ಮ ಹಾಗೆ ಊರು ಬಿಟ್ಟು ದೂರದಲ್ಲಿ ದುಡಿಯುತ್ತಿದ್ದವರೇ ಅವರು. 2015ರಲ್ಲಿ ಯೆಮೆನ್‌ನಿಂದಲೂ 2020ರಲ್ಲಿ ಕೊರೋನಾ ಹೊತ್ತಿನಲ್ಲಿ ಮಾಲ್ಡೀವ್ಸ್‌ನಿಂದಲೂ ಜನರನ್ನು ತಂದದ್ದು ನೌಕಾಪಡೆಯ ಬೇರೆ ಹಡಗುಗಳು. ಯೆಮೆನ್‌ನಿಂದ ತಂದವರಲ್ಲಿ ಭಾರತದವರಷ್ಟೇ ಅಲ್ಲ, ಬೇರೆ ದೇಶಗಳ ನೂರಾರು ಜನರೂ ಇದ್ದರು.

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ 'ಚಪಲ್' ಎಂಬ ನಿವೃತ್ತ ಕ್ಷಿಪಣಿ ದೋಣಿಯನ್ನು ಮರಳಿನ ಮೇಲೆ ಇಟ್ಟು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಒಳಗೆ ಹೋಗಿ ನಾವಿಕರು ಮಲಗುತ್ತಿದ್ದ ಇಕ್ಕಟ್ಟಾದ ಜಾಗ ನೋಡಬಹುದು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ದೊಡ್ಡವರು ಗೋವಾಕ್ಕೆ ಕಾರು ಓಡಿಸುವ ಅವಸರದಲ್ಲಿ ಕಾರವಾರವನ್ನು ದಾಟಿಬಿಡುತ್ತಾರೆ. ಬಿಡಬೇಡಿ, ಅಲ್ಲಿ ಇಳಿಯಲೇಬೇಕೆಂದು ಹಠ ಹಿಡಿಯಿರಿ.