ಗತ್ತರಕ್ಕೆ ಸೂಜಿ ತಂದ ಹಾಫ್‌ಕಿನ್

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ನಮ್ಮ ಮಂದಿಗೆ ಗತ್ತರ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯ ತೆಲುಗಿನಲ್ಲಿ ಕಾಲರಾ ಬೇನೆಯ ಹೆಸರು ಅದು. ಈಗ ಬೇನೆ ಮೊದಲಿನಷ್ಟು ಇಲ್ಲ, ಮಾತು ಉಳಿದಿದೆ. ಯಾರಾದರೂ ಗಡಿಬಿಡಿ ಮಾಡಿದರೆ ಗತ್ತರ ಬಿತ್ತರ ಆಗಬ್ಯಾಡ ಅಂತೀವಿ. ನಮ್ಮಜ್ಜಿ ಮಾತ್ರ ಆ ಶಬ್ದ ಬಾಯಿಗೆ ತರುತ್ತಿರಲಿಲ್ಲ. ಗತ್ತರ ಬಂದಾಗ, ಪ್ಲೇಗು ಬಂದಾಗ ಊರಿಗೆ ಊರೇ ಬಾಗಿಲಿಗೆ ಮುಳ್ಳಕಂಟಿ ಹಚ್ಚಿ ಹೊಲದಾಗ ಗುಡಿಸಲು ಹಾಕಿಕೊಂಡು ಇದ್ದದ್ದನ್ನು ಹಿರಿಯರಿಂದ ಕೇಳಿದವಳು ಆಕೆ.

ಆ ಎರಡೂ ಬೇನೆಗೆ ಈ ದೇಶದಲ್ಲಿ ಮೊದಲು ಲಸಿಕೆ ಹಾಕಿದವರು ವಾಲ್ಡೆಮಾರ್ ಹಾಫ್‌ಕಿನ್. ಹುಟ್ಟಿದ್ದು 1860ರಲ್ಲಿ, ಆಗಿನ ರಷ್ಯಾದ, ಈಗಿನ ಉಕ್ರೇನಿನ ಒಡೆಸ್ಸಾದಲ್ಲಿ. ಯಹೂದಿ ಮನೆತನ. ರಕ್ತದ ಬಿಳಿ ಕಣಗಳು ರೋಗಾಣುಗಳನ್ನು ನುಂಗುತ್ತವೆ ಎಂದು ತೋರಿಸಿದ ಮೆಚ್ನಿಕಾಫ್ ಅವರ ಶಿಷ್ಯ. ಮತ ಬಿಡಲು ಒಪ್ಪದ್ದಕ್ಕೆ ಅಲ್ಲಿ ಮೇಲಿನ ಹುದ್ದೆ ಸಿಗಲಿಲ್ಲ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಹೋದರೆ ಸಿಕ್ಕಿದ್ದು ಗ್ರಂಥಾಲಯದ ಸಹಾಯಕನ ಕೆಲಸ. ಬಿಡುವಿನಲ್ಲಿ ದುಡಿದು ಕಾಲರಾ ಲಸಿಕೆ ತಯಾರಿಸಿ, 1892ರ ಜುಲೈ 18ರಂದು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಕಲ್ಕತ್ತಾಕ್ಕೆ ಬಂದರು. ಎರಡೂವರೆ ವರ್ಷದೊಳಗೆ ಉತ್ತರ ಭಾರತ ಸುತ್ತಿ 40 ಸಾವಿರಕ್ಕೂ ಹೆಚ್ಚು ಮಂದಿಗೆ ಸೂಜಿ ಹಾಕಿದರು.

1896ರಲ್ಲಿ ಬೊಂಬಾಯಿಗೆ ಪ್ಲೇಗು ಬಂತು. ಅಕ್ಟೋಬರಿನಲ್ಲಿ ಹಾಫ್‌ಕಿನ್ ಅಲ್ಲಿಗೆ ಹೋದರು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಮೂಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಇಷ್ಟೇ ಅವರ ಪ್ರಯೋಗಾಲಯ. ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟರೆ ಪ್ಲೇಗಿನ ಕ್ರಿಮಿ ಅದರ ಅಡಿಯಿಂದ ಆಲದ ಬಿಳಲಿನಂಗೆ ಇಳಿಬಿದ್ದು ಬೆಳೆಯುತ್ತಿತ್ತು. ನಮ್ಮ ಮನೆಯ ತುಪ್ಪ ಇಂಥ ಕೆಲಸಕ್ಕೂ ಬಂತು ನೋಡಿ! ಹಾಗೆ ಬೆಳೆದದ್ದನ್ನು ಕಾಯಿಸಿ ಕೊಲ್ಲಬೇಕು. ಸತ್ತ ಕ್ರಿಮಿ ಮೈಗೆ ಸೇರಿದರೆ ಮೈ ಅದರ ಗುರುತು ಇಟ್ಟುಕೊಳ್ಳುತ್ತದೆ; ಜೀವಂತ ಕ್ರಿಮಿ ಬಂದಾಗ ಎದುರು ನಿಲ್ಲುತ್ತದೆ. ಮೂರೇ ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು. 1897ರ ಜನವರಿ 10ರಂದು ಮತ್ತೆ ತಮ್ಮ ಮೈಗೇ, ಬೇರೆಯವರಿಗೆ ಕೊಡುವುದಕ್ಕಿಂತ ಹೆಚ್ಚು ಪ್ರಮಾಣದಲ್ಲಿ, ಹಾಕಿಕೊಂಡರು. ಜ್ವರ ಬಂತು, ತಡಕೊಂಡರು.

ಆಮೇಲೆ ಬೈಕುಳಾ ಜೈಲಿನಲ್ಲಿ ಒಪ್ಪಿದ ಕೈದಿಗಳಿಗಷ್ಟೇ ಹಾಕಿದರು. ಹಾಕಿಸಿಕೊಳ್ಳದವರಲ್ಲಿ 12 ಮಂದಿಗೆ ಪ್ಲೇಗು ತಗುಲಿ 6 ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಬಂದರೂ ಇಬ್ಬರೂ ಉಳಿದರು. ಅದೇ ಹೊತ್ತಿಗೆ ಪುಣೆಯಲ್ಲಿ ಸೋಲ್ಜರುಗಳು ಮನೆ ಹೊಕ್ಕು ರೋಗಿಗಳನ್ನು ಎಳೆದೊಯ್ಯುತ್ತಿದ್ದರು. ಹಾಫ್‌ಕಿನ್ ಒತ್ತಾಯದ ದಾರಿ ಹಿಡಿಯಲಿಲ್ಲ.

ಕನ್ನಡ ನೆಲದಲ್ಲಿ ಈ ಲಸಿಕೆಯ ದೊಡ್ಡ ಕೆಲಸ ನಡೆದದ್ದು ಹುಬ್ಬಳ್ಳಿಯಲ್ಲಿ. 1898ರಲ್ಲಿ ಲ್ಯೂಮನ್ ಎಂಬ ಡಾಕ್ಟರು ಅಲ್ಲಿ 30 ಸಾವಿರಕ್ಕೂ ಹೆಚ್ಚು ಜನರಿಗೆ ಹಾಕಿದರು. ಆಗಿನ ಹುಬ್ಬಳ್ಳಿ ಐವತ್ತು ಸಾವಿರದ ಆಸುಪಾಸಿನ ಊರು.

ಇಷ್ಟು ಮಾಡಿದ ಮನುಷ್ಯನ ಹೆಸರು ಒಂದೇ ಸೀಸೆಯಿಂದ ಕೆಟ್ಟಿತು. 1902ರ ಅಕ್ಟೋಬರ್ 30. ಪಂಜಾಬಿನ ಮಲ್ಕೋವಾಲ್ ಹಳ್ಳಿಯಲ್ಲಿ 107 ಮಂದಿಗೆ ಲಸಿಕೆ ಹಾಕಿದರು. ಅವರಲ್ಲಿ ಒಂದೇ ಸೀಸೆಯಿಂದ ಹಾಕಿಸಿಕೊಂಡ 19 ಜನ ಧನುರ್ವಾಯು ಬಂದು ಸತ್ತರು. ಉಳಿದ ಸೀಸೆಯವರಿಗೆ ಏನೂ ಆಗಲಿಲ್ಲ. ಸರ್ಕಾರ ತಪ್ಪು ಪ್ರಯೋಗಾಲಯದ್ದು ಎಂದಿತು. ಹಾಫ್‌ಕಿನ್‌ರ ಹುದ್ದೆ ಹೋಯಿತು. ದೇಶ ಬಿಟ್ಟು ಹೋದರು. ಆದರೆ ಅಂದು ಸೀಸೆ ಬಿಚ್ಚುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧ ಮಾಡದೆ ಮತ್ತೆ ಬಳಸಿದ್ದರು. ಧನುರ್ವಾಯುವಿನ ಕ್ರಿಮಿ ಇರುವುದೇ ಮಣ್ಣಿನಲ್ಲಿ, ಸಗಣಿಯಲ್ಲಿ. ಕುಡುಗೋಲು ತಾಗಿಸಿಕೊಂಡ ನಮ್ಮಂಥ ರೈತರಿಗೆ ಇದು ಗೊತ್ತು. ದೊಡ್ಡ ವಿಚಾರಣೆ ನಡೆಸಿದವರು ಆ ಚಿಮಟಕ್ಕೆ ತೂಕ ಕೊಡಲಿಲ್ಲ.

ತಾಂಡೂರಿನಿಂದ ಸಿಕಂದರಾಬಾದಿಗೆ ರೈಲಿನಲ್ಲಿ ಹೋದರೆ ಬೇಗಂಪೇಟ ಸಿಗುತ್ತದೆ. ಅಲ್ಲಿಯೇ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಕ್ರಿಮಿ ಕಂಡದ್ದು. ಅದೇ ರಾಸ್, ನೊಬೆಲ್ ಬಂದ ಮೇಲೆ, ಹಾಫ್‌ಕಿನ್ ಪರವಾಗಿ ನಿಂತರು. 1907ರ ಜುಲೈನಲ್ಲಿ ಅವರೂ ಇತರ ವಿಜ್ಞಾನಿಗಳೂ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದರು. ಆ ವರ್ಷವೇ ಕಳಂಕ ತೊಳೆಯಿತು. ಐದು ವರ್ಷ ಹೋಗಿತ್ತು.

ಹಾಫ್‌ಕಿನ್ ಮರಳಿ ಬಂದರು, ಆದರೆ ಕಲ್ಕತ್ತಾಕ್ಕೆ. ತಾವೇ ಕಟ್ಟಿದ ಬೊಂಬಾಯಿಯ ಪ್ರಯೋಗಾಲಯ ಕೈಗೆ ಬರಲಿಲ್ಲ. 1925ರಲ್ಲಿ ಅದಕ್ಕೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಟ್ಟರು. ಅಷ್ಟರೊಳಗೆ ಅಲ್ಲಿಂದ 2 ಕೋಟಿ 60 ಲಕ್ಷ ಪ್ಲೇಗು ಲಸಿಕೆ ಹೊರಗೆ ಹೋಗಿದ್ದವು. ಮದುವೆ ಆಗಲಿಲ್ಲ. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೂಸಾನಿನಲ್ಲಿ ತೀರಿಕೊಂಡರು. ನಮ್ಮ ಸರ್ಕಾರ 1964ರಲ್ಲಿ ಅವರ ಚಿತ್ರದ ಅಂಚೆಚೀಟಿ ತಂದಿತು.