ವೇಲೂರಿನ ಡಾಕ್ಟರ್ ಐಡಾ ಸ್ಕಡರ್ ಅಮ್ಮನವರ ಚರಿತ್ರೆ

ಬೆಂಗಳೂರಿನಿಂದ ಪೂರ್ವಕ್ಕೆ ಚೆನ್ನೈ ಪಟ್ಟಣದ ಕಡೆಗೆ ಹೋಗುವ ರೈಲುದಾರಿಯಲ್ಲಿ ಕಾಟ್ಪಾಡಿ ಎಂಬ ನಿಲ್ದಾಣ ಉಂಟು. ಅಲ್ಲಿ ಇಳಿದು ಸ್ವಲ್ಪ ದೂರ ಹೋದರೆ ವೇಲೂರು ಸಿಕ್ಕುವುದು. ನಮ್ಮ ಕನ್ನಡ ಸೀಮೆಯವರೂ ತಮ್ಮ ರೋಗಿಗಳನ್ನು ಕರಕೊಂಡು ಅಲ್ಲಿಯ ದೊಡ್ಡ ಆಸ್ಪತ್ರೆಗೆ ಹೋಗಿಬರುವುದುಂಟು. ಆದರೆ ಆ ಆಸ್ಪತ್ರೆಯು ಮೊದಲು ಒಂದೇ ಮಂಚದ ಔಷಧಾಲಯವಾಗಿತ್ತೆಂಬುದನ್ನೂ, ಅದನ್ನು ಆರಂಭಿಸಿದಾಕೆಗೆ ಎಳೆಯ ವಯಸ್ಸಿನಲ್ಲಿ ವೈದ್ಯಳಾಗುವ ಮನಸ್ಸೇ ಇರಲಿಲ್ಲವೆಂಬುದನ್ನೂ ಎಲ್ಲರೂ ಅರಿತವರಲ್ಲ. ಆದಕಾರಣ ಆಕೆಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಐಡಾ ಸ್ಕಡರ್ ೧೮೭೦ನೆಯ ವರುಷದ ದಶಂಬರ ತಿಂಗಳಲ್ಲಿ ತಮಿಳು ಸೀಮೆಯ ರಾಣಿಪೇಟೆಯಲ್ಲಿ ಹುಟ್ಟಿದಳು. ಆಕೆಯ ಅಜ್ಜನಾದ ಜಾನ್ ಸ್ಕಡರ್ ಎಂಬ ವೈದ್ಯರು ೧೮೧೯ರಲ್ಲಿ ಅಮೇರಿಕದಿಂದ ಹೊರಟು ಸಿಂಹಳ ದ್ವೀಪಕ್ಕೆ ಬಂದವರು, ತಂದೆಯೂ ವೈದ್ಯರೇ. ಐಡಾ ಚಿಕ್ಕವಳಾಗಿದ್ದಾಗ, ಮೈಸೂರು ಸೀಮೆಯವರು ಧಾತು ಈಶ್ವರ ಬರವೆಂದು ಕರೆದ ಮಹಾಕ್ಷಾಮವು ದಕ್ಷಿಣ ದೇಶವನ್ನೆಲ್ಲಾ ಆವರಿಸಿತು. ಹಸಿದು ಬಂದ ಮಕ್ಕಳಿಗೆ ರೊಟ್ಟಿಯ ತುಂಡುಗಳನ್ನು ಹಂಚುವ ಕೆಲಸ ಆ ಎಳೆಯ ಕೈಗಳಿಗೆ ಬಿತ್ತು. ಆ ನೋಟವು ಆಕೆಯ ಮನಸ್ಸಿನಿಂದ ಅಳಿಯಲಿಲ್ಲ. ಬಳಿಕ ಅಮೇರಿಕಕ್ಕೆ ಹೋಗಿ ಅಲ್ಲಿ ವಿದ್ಯಾಭ್ಯಾಸ ಮಾಡುವಾಗ, ಈ ಕಷ್ಟದ ದೇಶಕ್ಕೆ ತಿರಿಗಿ ಬಂದು ನೆಲಸಬಾರದೆಂದೇ ಮನಸ್ಸು ಮಾಡಿಕೊಂಡಿದ್ದಳು.

೧೮೯೦ರಲ್ಲಿ ತಾಯಿಗೆ ಅಸ್ವಸ್ಥವಾದ ಕಾರಣ ಆಕೆಯ ಆರೈಕೆಗಾಗಿ ಸ್ವಲ್ಪ ಕಾಲದ ಮಟ್ಟಿಗೆ ತಿಂಡಿವನಕ್ಕೆ ಬಂದಳು. ಹೀಗಿರಲಾಗಿ ಒಂದು ರಾತ್ರಿ ಒಬ್ಬ ಬ್ರಾಹ್ಮಣನು ಬಾಗಿಲಿಗೆ ಬಂದು, ತನ್ನ ಎಳೆಯ ಹೆಂಡತಿಯು ಹೆರಿಗೆಯ ವೇದನೆಯಲ್ಲಿ ಸಾಯುತ್ತಿದ್ದಾಳೆ, ಬಂದು ಕಾಪಾಡಬೇಕೆಂದು ಬೇಡಿಕೊಂಡನು. ತನಗೆ ವೈದ್ಯ ತಿಳಿಯದು, ತಂದೆಯು ಬರುವರು ಎಂದು ಐಡಾ ಹೇಳಿದಳು. ಪರಪುರುಷನು ತನ್ನ ಮನೆಯ ಸ್ತ್ರೀಯ ಬಳಿಗೆ ಬರುವುದು ತಕ್ಕದ್ದಲ್ಲವೆಂದು ಆತನು ಮುಖ ಬಾಡಿಸಿಕೊಂಡು ಹೊರಟುಹೋದನು. ಅದೇ ರಾತ್ರಿ ಒಬ್ಬ ಮುಸಲ್ಮಾನನೂ, ಅವನ ತರುವಾಯ ಇನ್ನೊಬ್ಬ ಮೇಲ್ಜಾತಿಯ ಹಿಂದುವೂ ಅದೇ ಬಿನ್ನಹದಿಂದ ಬಂದು, ಅದೇ ಉತ್ತರವನ್ನು ಕೇಳಿ, ಅದೇ ರೀತಿಯಾಗಿ ಹಿಂದಿರುಗಿದರು. ಐಡಾ ಆ ರಾತ್ರಿ ನಿದ್ರೆ ಮಾಡಲಿಲ್ಲ. ಬೆಳಗಾದ ಮೇಲೆ ವಿಚಾರಿಸಲು, ಮೂವರು ಸ್ತ್ರೀಯರೂ ಸತ್ತಿದ್ದರೆಂದು ತಿಳಿಯಬಂತು. ಮದ್ದು ಇಲ್ಲದ್ದರಿಂದ ಅವರು ಸತ್ತದ್ದಲ್ಲ, ವೈದ್ಯರಿಲ್ಲದ್ದರಿಂದಲೂ ಅಲ್ಲ, ವೈದ್ಯವನ್ನು ಕಲಿತ ಸ್ತ್ರೀಯೊಬ್ಬಳು ಆ ಊರಲ್ಲಿ ಇಲ್ಲದ್ದರಿಂದ ಸತ್ತರು. ಆ ದಿನವೇ ಐಡಾ ತಾನು ವೈದ್ಯಳಾಗಿ ಈ ದೇಶಕ್ಕೆ ಬರುವೆನೆಂದು ತಂದೆತಾಯಿಗಳಿಗೆ ತಿಳಿಸಿದಳು.

ಆಕೆಯು ಮೊದಲು ಫಿಲಡೆಲ್ಫಿಯದ ಸ್ತ್ರೀಯರ ವೈದ್ಯಕಾಲೇಜಿನಲ್ಲಿ ಓದಿದಳು. ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕಾಲೇಜು ಸ್ತ್ರೀಯರಿಗೆ ಬಾಗಿಲು ತೆರೆದೊಡನೆ ಅಲ್ಲಿಗೆ ಸೇರಿ ೧೮೯೯ರಲ್ಲಿ ಪದವಿಯನ್ನು ಹೊಂದಿದಳು. ಹೊರಡುವುದಕ್ಕೆ ಮುಂಚೆ ಶೆಲ್ ಎಂಬ ಧನಿಕರು ತೀರಿಹೋದ ತಮ್ಮ ಪತ್ನಿಯ ಜ್ಞಾಪಕಾರ್ಥವಾಗಿ ಆಸ್ಪತ್ರೆಗೆಂದು ೧೦,೦೦೦ ಡಾಲರುಗಳನ್ನು ಕೊಟ್ಟರು.

೧೯೦೦ನೆಯ ವರುಷದಲ್ಲಿ ಐಡಾ ಅಮ್ಮನವರು ವೇಲೂರಿಗೆ ಬಂದು, ತಂದೆಯ ಮನೆಯಲ್ಲಿಯೇ ಒಂದು ಮಂಚವಿಟ್ಟು ಕೆಲಸ ಆರಂಭಿಸಿದರು. ಕೆಲವೇ ತಿಂಗಳುಗಳಲ್ಲಿ ತಂದೆಯು ತೀರಿಕೊಂಡರು. ಕೈಹಿಡಿದು ಕಲಿಸಬೇಕಾದ ಹಿರಿಯರು ಹೀಗೆ ಅಗಲಿದಾಗ, ಪದವಿ ಪಡೆದು ಒಂದು ವರುಷವೂ ಆಗದ ಅಮ್ಮನವರು ಒಂಟಿಯಾದರು. ಆದರೂ ಎರಡು ವರುಷಗಳೊಳಗೆ ಸುಮಾರು ೫,೦೦೦ ರೋಗಿಗಳನ್ನು ನೋಡಿದರು. ವೈದ್ಯಶಾಸ್ತ್ರವನ್ನೇನೂ ಓದದಿದ್ದ ಸಲೋಮಿ ಎಂಬ ಸ್ತ್ರೀಗೆ ತಾವೇ ಕಲಿಸಿ, ಆಕೆಯನ್ನೇ ಸಹಾಯಕ್ಕೆ ಇಟ್ಟುಕೊಂಡರು. ೧೯೦೨ರಲ್ಲಿ ಶೆಲ್ ಆಸ್ಪತ್ರೆಯು ೪೦ ಮಂಚಗಳೊಡನೆ ತೆರೆಯಲ್ಪಟ್ಟಿತು.

ಆಸ್ಪತ್ರೆಗೆ ಬರಲಾರದ ಹಳ್ಳಿಯವರ ಗತಿ ಏನು? ಅಮ್ಮನವರು ಅದನ್ನೂ ಯೋಚಿಸಿದರು. ಮೊದಲು ಎತ್ತಿನ ಬಂಡಿಯಲ್ಲಿಯೂ, ೧೯೦೯ರಿಂದ ಮೋಟಾರು ಬಂಡಿಯಲ್ಲಿಯೂ ಗುಡಿಯಾತ್ತಂ ದಾರಿಯಲ್ಲಿ ಹೊರಟು, ಗೊತ್ತಾದ ಮರಗಳ ನೆರಳಿನಲ್ಲಿ ನಿಂತು, ಕಣ್ಣುಬೇನೆ, ಹುಣ್ಣು, ಜ್ವರ ಮುಂತಾದವುಗಳಿಗೆ ಮದ್ದು ಕೊಡುತ್ತಿದ್ದರು. ಆದರೆ ಒಂದು ಮರದ ಕೆಳಗೆ ಎಷ್ಟು ಜನರನ್ನು ನೋಡಿದರೂ ಮುಂದಿನ ಮರದ ಕೆಳಗೆ ಅದಕ್ಕಿಂತ ಹೆಚ್ಚು ಜನರು ಕಾದುಕೊಂಡಿರುತ್ತಿದ್ದರು. ಒಬ್ಬಳ ಎರಡು ಕೈಗಳು ಎಷ್ಟು ಮಾಡಬಲ್ಲವು? ಆ ಕೈಗಳು ಮುಪ್ಪಾದ ಮೇಲೆ ಯಾರು ಮಾಡುವರು? ಈ ದೇಶದ ಹೆಣ್ಣುಮಕ್ಕಳಿಗೇ ಕಲಿಸದ ಹೊರತು ಈ ಕೆಲಸಕ್ಕೆ ನೆಲೆ ಇಲ್ಲವೆಂದು ಅಮ್ಮನವರು ತಿಳುಕೊಂಡರು. ಆದಕಾರಣ ೧೯೦೯ರಲ್ಲಿ ದಾದಿಯರನ್ನು ತರಬೇತು ಮಾಡುವ ಶಾಲೆಯು ಅಲ್ಲಿ ಆರಂಭವಾಯಿತು.

ಆ ಬಳಿಕ ಹುಡುಗಿಯರಿಗೆ ವೈದ್ಯಶಾಲೆಯನ್ನೇ ತೆರೆಯಬೇಕೆಂದು ಸರಕಾರವನ್ನು ಕೇಳಿಕೊಂಡರು. ಸರಕಾರದ ವೈದ್ಯಾಧಿಕಾರಿಯು ಕಲಿಯಲು ಬರುವವರು ಬೆರಳೆಣಿಕೆಯಷ್ಟೂ ಇರಲಾರರೆಂದು ನೆನಸಿ, ಆದರೂ ಅಪ್ಪಣೆ ಕೊಟ್ಟನು. ಬಂದ ಅರ್ಜಿಗಳೋ ೧೫೧! ಸ್ಥಳವು ಕೆಲವರಿಗೆ ಮಾತ್ರ ಇತ್ತು. ೧೯೧೮ನೆಯ ವರುಷದ ಆಗಸ್ಟ್ ತಿಂಗಳಲ್ಲಿ, ಬಾಡಿಗೆಯ ಮನೆಯಲ್ಲಿ, ಒಂದು ಸೂಕ್ಷ್ಮದರ್ಶಕ, ಕೆಲವು ಎಲುಬುಗಳು, ಕೆಲವೇ ಪುಸ್ತಕಗಳು, ಇವುಗಳೊಡನೆ ಪಾಠವು ಮೊದಲಾಯಿತು. ಹುಡುಗರಿಗೇ ಕಷ್ಟವೆನಿಸಿದ ಸರಕಾರದ ಮೊದಲ ವರುಷದ ಪರೀಕ್ಷೆಯಲ್ಲಿ ವೇಲೂರಿನಿಂದ ಹೋದ ೧೪ ಮಂದಿ ಹುಡುಗಿಯರೂ ತೇರ್ಗಡೆಯಾದರು. ಆಡಿಕೊಂಡವರೇ ಹೊಗಳುವಂತಾಯಿತು. ನಾಲ್ಕು ವರುಷಗಳ ಓದನ್ನು ಮುಗಿಸಿ ೧೯೨೨ರಲ್ಲಿ ಮೊದಲನೆಯ ತಂಡವು ಹೊರಬಂತು. ಒಂದು ಕಾಲದಲ್ಲಿ ಮೂರು ಮನೆಗಳಿಗೆ ಹೋಗಲು ಒಬ್ಬಳೂ ಇಲ್ಲದ ಸೀಮೆಯಲ್ಲಿ ಈಗ ಈ ನಾಡಿನವರೇ ಆದ ವೈದ್ಯೆಯರು ಸಿದ್ಧರಾದರು.

ಆದರೂ ಕಠಿಣವಾದ ಶೋಧನೆಯು ಇನ್ನೂ ಮುಂದಿತ್ತು. ೧೯೩೮ರ ಹೊತ್ತಿಗೆ ಮದ್ರಾಸು ಸರಕಾರವು, ಇನ್ನು ಮುಂದೆ ಚಿಕ್ಕ ವೈದ್ಯಶಾಲೆಗಳು ಸಾಲವು, ವೈದ್ಯರಾಗುವವರೆಲ್ಲರೂ ವಿಶ್ವವಿದ್ಯಾಲಯದ ಪದವಿಗೇ ಓದಬೇಕೆಂದು ನಿಯಮಿಸಿತು. ಅದಕ್ಕೆ ಹೆಚ್ಚು ಮಂಚಗಳು, ಪ್ರಯೋಗಶಾಲೆಗಳು, ಮೇಲ್ಪದವಿ ಪಡೆದ ಉಪಾಧ್ಯಾಯರು ಬೇಕು; ಹಣವೋ ಇಲ್ಲ. ಅಮ್ಮನವರಿಗೆ ಆಗ ೬೭ ವರುಷ. ಶಾಲೆಯನ್ನು ಮುಚ್ಚುವುದೋ, ಮತ್ತೆ ಕೈಚಾಚುವುದೋ? ಯುದ್ಧಕಾಲವೆಂದೂ ನೋಡದೆ ೧೯೪೧ರಲ್ಲಿ ಅವರು ಅಮೇರಿಕಕ್ಕೆ ಹೋಗಿ ಊರಿಂದೂರಿಗೆ ತಿರುಗಿದರು.

ಅಲ್ಲಿ ಮತ್ತೊಂದು ಸಂಕಟವು ಹುಟ್ಟಿತು. ಹಲವು ಮಿಶನುಗಳ ಸಹಾಯ ದೊರೆಯಬೇಕಾದರೆ ಗಂಡುಮಕ್ಕಳನ್ನೂ ಸೇರಿಸಿಕೊಳ್ಳಬೇಕೆಂಬ ಮಾತು ಬಂತು. ಸ್ತ್ರೀಯರಿಗಾಗಿ ಸ್ತ್ರೀಯರು ಕೊಟ್ಟ ಹಣದಿಂದ ಕಟ್ಟಿದ್ದನ್ನು ಹಾಗೆ ಮಾಡುವುದು ನ್ಯಾಯವಲ್ಲವೆಂದು ಹಳೆಯ ಸ್ನೇಹಿತೆಯರು ಬಲವಾಗಿ ಎದುರುನುಡಿದರು. ಎರಡು ಪಕ್ಷದಲ್ಲಿಯೂ ನ್ಯಾಯವಿತ್ತು. ಅಮ್ಮನವರ ಆಯುಸ್ಸಿನ ಆಶೆಯೇ ಸ್ತ್ರೀಯರ ಕಾಲೇಜು. ಆದರೂ ಕೊನೆಗೆ ಅವರು ತಮ್ಮ ಆಶೆಯನ್ನು ಸಡಿಲಿಸಿ, ಕಲಿಸುವ ಕೆಲಸ ಉಳಿಯುವುದನ್ನೇ ಆರಿಸಿಕೊಂಡರು. ಅದಕ್ಕೆ ಬೆಲೆಯಾಗಿ ಪ್ರಿಯ ಸ್ನೇಹವೊಂದನ್ನು ಕಳಕೊಂಡರು. ೧೯೪೨ರಲ್ಲಿ ಪದವಿಯ ಪಾಠವು ಮೊದಲಾಯಿತು. ೧೯೪೬ರಲ್ಲಿ ದಾದಿಯರ ಶಾಲೆಯೂ ಪದವಿಯ ಮಟ್ಟಕ್ಕೆ ಏರಿತು. ೧೯೪೭ರಲ್ಲಿ ಗಂಡುಮಕ್ಕಳು ಸೇರಿದರು. ಅದಾದ ಮೇಲೆ ಹಿಲ್ಡಾ ಲಾಜರಸ್ ಎಂಬ ಭಾರತೀಯ ಸ್ತ್ರೀಯೇ ಆ ಸಂಸ್ಥೆಯ ಆಡಳಿತವನ್ನು ವಹಿಸಿಕೊಂಡರು. ಅಮ್ಮನವರು ತಮ್ಮ ಕುರ್ಚಿಯನ್ನು ಬಿಟ್ಟುಕೊಟ್ಟು, ಕೊಡೈಕಾನಲ್ ಬೆಟ್ಟದ ಮನೆಯಲ್ಲಿ ವಿಶ್ರಮಿಸಿಕೊಂಡು, ೧೯೬೦ರ ಮೇ ತಿಂಗಳಲ್ಲಿ ೮೯ ವರುಷದವರಾಗಿ ನಿದ್ರೆಹೋದರು.

ಪ್ರಿಯರೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ರೋಗಿಯನ್ನು ವಾಸಿಮಾಡುವುದು ದೊಡ್ಡ ಕೆಲಸವೇ ಸರಿ. ವಾಸಿಮಾಡಬಲ್ಲವರನ್ನು ತಯಾರು ಮಾಡುವುದು ಅದಕ್ಕಿಂತ ದೊಡ್ಡದು. ಬೀಜದ ರಾಗಿಯನ್ನು ಉಂಡುಬಿಡುವ ಒಕ್ಕಲಿಗನಿಗೆ ಆ ದಿನ ಹೊಟ್ಟೆ ತುಂಬೀತು, ಮುಂದಿನ ವರುಷ ಕಣವು ಬರಿದಾಗುವುದು. ನಮ್ಮ ಮನೆಯ ಹುಡುಗಿಯೊಬ್ಬಳು ದಾದಿಯ ತರಬೇತಿಗೋ ವೈದ್ಯದ ಓದಿಗೋ ಹೋಗುತ್ತೇನೆಂದು ಕೇಳಿದರೆ, ಮನೆಗೆಲಸಕ್ಕೆ ಕೈ ಕಡಿಮೆಯಾಯಿತೆಂದು ತಡೆಯದಿರೋಣ. ಯಾವ ರಾತ್ರಿ, ಯಾವ ಬಾಗಿಲಲ್ಲಿ, ಯಾರು ಬಂದು ಆಕೆಯನ್ನು ಕರೆಯುವರೋ ಬಲ್ಲವರಾರು? ಆ ಹೊತ್ತಿನಲ್ಲಿ ತನಗೆ ತಿಳಿಯದೆಂದು ಹೇಳುವ ಸಂಕಟವು ಆಕೆಗೆ ಬಾರದಿರಲಿ.