ಹೃದಯಕ್ಕೆ ತಂತಿ ಬೆಸೆದ ರೂನೆ ಎಲ್ಮ್‌ಕ್ವಿಸ್ಟ್

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚುವವರೆಗೂ ಪಾತಾಳಕ್ಕೆ ಇಳಿಯುತ್ತಿದ್ದ ಕಾರ್ಮಿಕರ ಪ್ರಾಣ ನಿಂತಿದ್ದುದು ಉಕ್ಕಿನ ಹಗ್ಗದ ಮೇಲೆ. ಭಾರಕ್ಕೆ ಜಗ್ಗದ ಉಕ್ಕೂ ಮತ್ತೆ ಮತ್ತೆ ಬಾಗಿದರೆ ದಣಿಯುತ್ತದೆ ಎಂಬುದು ಕಾಮಸಮುದ್ರ, ಬಂಗಾರಪೇಟೆ ಸೀಮೆಗೆ ಹೊಸ ಮಾತಲ್ಲ. ಇದೇ ಸತ್ಯವನ್ನು ಮನುಷ್ಯನ ಎದೆಯೊಳಗೆ ಎದುರಿಸಿದವರು ಸ್ವೀಡನ್ನಿನ ರೂನೆ ಎಲ್ಮ್‌ಕ್ವಿಸ್ಟ್.

1906ರ ಡಿಸೆಂಬರ್ 1ರಂದು ಲುಂಡ್ ನಗರದಲ್ಲಿ ಜನಿಸಿದ ಎಲ್ಮ್‌ಕ್ವಿಸ್ಟ್ ಓದಿದ್ದು ವೈದ್ಯಶಾಸ್ತ್ರ, ಒಲಿದದ್ದು ಯಂತ್ರವಿದ್ಯೆ. ಎಲೆಮಾ ಸಂಸ್ಥೆ ಸೇರಿದ ಅವರು, ಶಾಯಿಯ ಸಣ್ಣ ಚಿಲುಮೆಯಿಂದ ಹೃದಯದ ವಿದ್ಯುತ್ ರೇಖೆಯನ್ನು ಕಾಗದದ ಮೇಲೆ ಬರೆಯುವ ಮಿಂಗೋಗ್ರಾಫ್ ಯಂತ್ರದಿಂದ ಹೆಸರಾದರು.

1958ರಲ್ಲಿ ಅರ್ನೆ ಲಾರ್ಸನ್ ಎಂಬ 43 ವರ್ಷದ ರೋಗಿಯ ಹೃದಯ ದಿನಕ್ಕೆ ಹಲವು ಬಾರಿ ತಟಸ್ಥವಾಗುತ್ತಿತ್ತು. ಪತ್ನಿ ಎಲ್ಸ್‌ಮರಿ ಪಟ್ಟು ಹಿಡಿದು ಎಲ್ಮ್‌ಕ್ವಿಸ್ಟ್ ಹಾಗೂ ಶಸ್ತ್ರಚಿಕಿತ್ಸಕ ಓಕೆ ಸೆನ್ನಿಂಗ್ ಅವರ ಬೆನ್ನು ಬಿದ್ದರು. ಎರಡು ಟ್ರಾನ್ಸಿಸ್ಟರ್, ಹೊರಗಿನಿಂದಲೇ ಚಾರ್ಜ್ ಮಾಡಬಹುದಾದ ಬ್ಯಾಟರಿ. ಇವನ್ನು ಶೂ ಪಾಲಿಷ್ ಡಬ್ಬಿಯ ಅಚ್ಚಿನಲ್ಲಿ ಎಪಾಕ್ಸಿ ಅಂಟು ಸುರಿದು ಮುಚ್ಚಲಾಯಿತು. ಅಕ್ಟೋಬರ್ 8ರಂದು ಸ್ಟಾಕ್‌ಹೋಮಿನ ಕ್ಯಾರೊಲಿನ್ಸ್ಕಾ ಆಸ್ಪತ್ರೆಯಲ್ಲಿ ಸೆನ್ನಿಂಗ್ ಎದೆ ತೆರೆದು, ಉಕ್ಕಿನ ತಂತಿಗಳ ತುದಿಯನ್ನು ಹೃದಯದ ಸ್ನಾಯುವಿಗೆ ಹೊಲಿದರು. ಪೂರ್ಣವಾಗಿ ದೇಹದೊಳಗಿಟ್ಟ ಜಗತ್ತಿನ ಮೊದಲ ಪೇಸ್‌ಮೇಕರ್ ಅದು. ಆದರೆ ಕೆಲವೇ ಗಂಟೆಗಳಲ್ಲಿ ಅದು ನಿಂತುಹೋಯಿತು. ಬದಲಿಗೆ ಇಟ್ಟ ಇನ್ನೊಂದು ಸಹ ಬಹುಕಾಲ ಬಾಳಲಿಲ್ಲ.

ಯಂತ್ರದಷ್ಟೇ ದೊಡ್ಡ ಸಮಸ್ಯೆ ತಂತಿಯದು. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುತ್ತದೆ. ಪ್ರತಿ ಬಡಿತಕ್ಕೂ ತಂತಿ ಬಾಗುತ್ತದೆ. ತುದಿಯ ಸುತ್ತ ಗಾಯದ ಅಂಗಾಂಶ ಬೆಳೆದರೆ ಹೃದಯವನ್ನು ಎಚ್ಚರಿಸಲು ಹೆಚ್ಚು ವಿದ್ಯುತ್ ಬೇಕಾಗುತ್ತದೆ, ಬ್ಯಾಟರಿ ಬೇಗ ಬರಿದಾಗುತ್ತದೆ. ಟೆಲಿಫೋನ್ ಸಂಸ್ಥೆ ಎರಿಕ್ಸನ್‌ನ ನೆರವಿನಿಂದ ಎಲ್ಮ್‌ಕ್ವಿಸ್ಟ್ ಹೊಸ ತಂತಿ ರೂಪಿಸಿದರು: ಪಾಲಿಯೆಸ್ಟರ್ ನೂಲಿನ ತಿರುಳು, ಅದರ ಸುತ್ತ ಸುರುಳಿಯಾಗಿ ಸುತ್ತಿದ ನಾಲ್ಕು ತೆಳು ಉಕ್ಕಿನ ಪಟ್ಟಿ, ಮೇಲೆ ಪಾಲಿಥೀನ್ ಹೊದಿಕೆ, ತುದಿಗೆ ಪ್ಲಾಟಿನಂ. ನೇರ ತಂತಿ ಮುರಿಯುವಲ್ಲಿ ಸುರುಳಿ ಬಾಗಿ ಉಳಿಯಿತು. ಇಂದು ತಂತಿಯನ್ನು ಎದೆ ಸೀಳದೆ ರಕ್ತನಾಳದ ಮೂಲಕ ಸಾಗಿಸುತ್ತಾರೆ. ಗಾಯವನ್ನು ತಗ್ಗಿಸಲು ತುದಿಯಲ್ಲಿ ಸ್ಟಿರಾಯ್ಡ್ ಔಷಧವಿಡುವುದು ವಾಡಿಕೆ. ಒಳಗಿನ ವಾಹಕ ಮಾತ್ರ ಈಗಲೂ ಸಾಮಾನ್ಯವಾಗಿ ಸುರುಳಿಯೇ.

ತಾವು ಕಂಡುಹಿಡಿದದ್ದನ್ನು ಎಲ್ಮ್‌ಕ್ವಿಸ್ಟ್ ಮೊದಲಿಗೆ ಒಂದು ತಾಂತ್ರಿಕ ಕುತೂಹಲವೆಂದಷ್ಟೇ ಬಗೆದಿದ್ದರು. 1996ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. 2000ದಲ್ಲಿ ಸೆನ್ನಿಂಗ್ ಸಹ. ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್‌ಗಳನ್ನು ಬದಲಿಸಿಕೊಂಡ ಲಾರ್ಸನ್ ಇಬ್ಬರಿಗಿಂತಲೂ ಹೆಚ್ಚು ಕಾಲ ಬದುಕಿ, 2001ರಲ್ಲಿ, 86ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಸಾವಿಗೆ ಹೃದಯ ಕಾರಣವಾಗಿರಲಿಲ್ಲ.